ಊರ ಹೆಸರು ಹೊತ್ತ ನೋಟುಗಳು

ನೋಟಿನ ಮೇಲೆ ಒಂದು ಸಣ್ಣ ಊರಿನ ಹೆಸರಿರಬಹುದೆಂದರೆ ವಾಚಕರು ನಂಬಲಾರರು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಾದರೋ 1863ರಿಂದ 1935ರವರೆಗೆ ಅದೇ ಪದ್ಧತಿಯಿದ್ದಿತು. ಸನ್ನದು ಪಡೆದ ಬ್ಯಾಂಕು ಸರ್ಕಾರದ ಸಾಲಪತ್ರಗಳನ್ನು ಕೊಂಡು, ಅವನ್ನು ವಾಷಿಂಗ್ಟನ್ನಿನ ಖಜಾನೆಯಲ್ಲಿ ಆಧಾರವಾಗಿಟ್ಟು, ತನ್ನ ಹೆಸರನ್ನೂ ಊರನ್ನೂ ಹೊತ್ತ ನೋಟುಗಳನ್ನು ಹೊರಡಿಸುತ್ತಿತ್ತು. ಇಂತಹ ಬ್ಯಾಂಕುಗಳು 12,000ಕ್ಕೂ ಮಿಕ್ಕಿದ್ದುವು.

ಇದರಿಂದೊಂದು ವೈಚಿತ್ರ್ಯವುಂಟಾಯಿತು. ಬ್ಯಾಂಕು ದಿವಾಳಿಯೆದ್ದರೆ ಅದರಲ್ಲಿ ಠೇವಣಿಯಿಟ್ಟ ರೈತನೂ ವಿಧವೆಯೂ ಹಣ ಕಳೆದುಕೊಳ್ಳುತ್ತಿದ್ದರು. ರಾಷ್ಟ್ರೀಯ ಸರ್ಕಾರದ ಠೇವಣಿ ವಿಮೆ ಆರಂಭವಾದುದು 1934ರಲ್ಲಿ. ಅದೇ ಬ್ಯಾಂಕಿನ ನೋಟು ಕೈಯಲ್ಲಿದ್ದವನಿಗೆ ಮಾತ್ರ ಖಜಾನೆಯು ಪೂರ್ಣ ಮೊಬಲಗನ್ನು ಕೊಡುತ್ತಿತ್ತು. ನಂಬಿ ಒಪ್ಪಿಸಿದವನು ಕೆಟ್ಟನು, ನಂಬದೆ ಹಾಸಿಗೆಯಡಿಯಲ್ಲಿ ಬಚ್ಚಿಟ್ಟವನು ಬದುಕಿದನು! ಇದಕ್ಕೆ ಯಾವ ನೀತಿಪಾಠ ಹೇಳಬೇಕೋ ನಮಗೆ ತೋರದು.

ಈಗಿನ ಸಂಗ್ರಾಹಕರಲ್ಲಿ ಅನೇಕರು ತಮ್ಮ ಹುಟ್ಟೂರಿನ ನೋಟನ್ನೇ ಅರಸುವರು. ಚಿಕ್ಕ ಊರಿನ ನೋಟು ಸಾಮಾನ್ಯವಾಗಿ ದುರ್ಲಭ. ಕೆಲವು ಬ್ಯಾಂಕುಗಳದು ಒಂದೂ ಕಂಡುಬಂದಿಲ್ಲ. 1929ಕ್ಕೆ ಹಿಂದಿನ ದೊಡ್ಡ ನೋಟುಗಳಲ್ಲಿ ಅನೇಕಕ್ಕೆ ಬ್ಯಾಂಕಿನ ಅಧ್ಯಕ್ಷನೂ ಕ್ಯಾಷಿಯರನೂ ಲೇಖನಿಯಿಂದಲೇ ಸಹಿ ಹಾಕಿರುವರು. ಕಾಪಿಪುಸ್ತಕ ತಿದ್ದಿ ಮುದುಕರಾದ ನಮಗೆ ಆ ಕೈಬರಹವೇ ಮುಖ್ಯ. ಚೊಕ್ಕಟವಾಗಲೆಂದು ನೋಟನ್ನು ತೊಳೆದವರುಂಟು. ಕೊಳೆಯೊಡನೆ ಸಹಿಯೂ ಅಳಿಸಿಹೋಯಿತು.