ಫೋನ್ ತಗೊಳ್ಳೋ ಮುಂಚೆ: ಭದ್ರ ಬೇರೆ, ಗುಟ್ಟು ಬೇರೆ

ಈ ಸಲ ಹಿಪ್ಪುನೇರಳೆ ಸೊಪ್ಪಿನ ವಿಷಯಾನೂ ಅಲ್ಲ, ಟೊಮೆಟೊ ರೇಟೂ ಅಲ್ಲ. ಗೂಡಿನ ದುಡ್ಡು ಖಾತೆಗೆ ಬಿದ್ದ ಕೂಡಲೇ ನಮ್ಮ ಕಡೆ ಮನೆಗಳಲ್ಲಿ ಮೊದಲು ಏಳೋ ಮಾತು ಹೊಸ ಫೋನು. ‘ಯಾವುದು ತಗೊಳ್ಳೋದಣ್ಣ’ ಅಂತ ನಾಲ್ಕೈದು ಜನ ಕೇಳಿದೀರಿ. ಕ್ಯಾಮೆರಾ, ಬ್ಯಾಟರಿ, ಬಣ್ಣ ಎಲ್ಲಾ ಅಂಗಡಿಯವರೇ ಹೇಳ್ತಾರೆ. ಅವರು ಹೇಳದೇ ಇರೋದನ್ನ ನಾನು ಬರೀತೀನಿ. ಸ್ವಲ್ಪ ಉದ್ದ ಆಗತ್ತೆ, ರಾತ್ರಿ ಹುಳಕ್ಕೆ ಸೊಪ್ಪು ಹಾಕಿ ಕೂತ ಮೇಲೆ ಓದಿ.

ಫೋನಿನ ಮಾತು ಬಂದಾಗ ‘ಸೇಫ್ ಇದೆಯಾ’ ಅಂತ ಒಂದೇ ಮಾತಲ್ಲಿ ಕೇಳ್ತೀವಿ. ಅದರಲ್ಲಿ ಎರಡು ಪ್ರಶ್ನೆ ಇದೆ. ಹುಳು ಮನೆ ಕಿಟಕಿಗೆ ಊಜಿ ನೊಣ ಬರದಂಗೆ ನೈಲಾನ್ ಬಲೆ ಕಟ್ತೀವಲ್ಲ, ಅದು ಭದ್ರತೆ. ನೊಣ ಒಳಗೆ ಬರಲ್ಲ. ಆದರೆ ಬಲೆ ಆಚೆ ನಿಂತವನಿಗೆ ಒಳಗಡೆ ಎಷ್ಟು ತಟ್ಟೆ ಇದೆ, ಹುಳ ಎಷ್ಟನೇ ಜ್ವರದಲ್ಲಿದೆ, ರೋಗ ಬಂದಿದೆಯಾ ಎಲ್ಲಾ ಕಾಣತ್ತೆ. ಹಂಗೆ ಕಾಣದೇ ಇರೋದು ಗುಟ್ಟು. ಪೇಪರ್‌ನವರು ಗೋಪ್ಯತೆ, ಖಾಸಗಿತನ ಅಂತ ಬರೀತಾರೆ. ಕಳ್ಳ ಬರದೇ ಇರೋದು ಒಂದು, ನಾವೇ ಒಳಗೆ ಕರೆದವನು ಪೆಟ್ಟಿಗೆಗೆ ಕೈ ಹಾಕದೇ ಇರೋದು ಇನ್ನೊಂದು. ಬೀಗ ಗಟ್ಟಿ ಇರೋ ಫೋನಲ್ಲೂ ಗುಟ್ಟು ಸೋರಬಹುದು.

ಗುಟ್ಟಿನ ಮಾತು ಎತ್ತಿದರೆ ನಮ್ಮ ಕಡೆ ತಕ್ಷಣ ಬರೋ ಉತ್ತರ ಗೊತ್ತಲ್ಲ. ‘ಮನ ದಗ್ಗರ ದಾಚೇದಾನಿಕಿ ಏಮುಂದಪ್ಪಾ?’ ಬಚ್ಚಿಡೋಕೆ ನಮ್ಮ ಹತ್ರ ಏನಿದೆ ಅಂತ. ನನಗೆ ಈ ಮಾತು ಕೇಳಿದರೆ ಕೋಪ ಬರತ್ತೆ. ಯಾಕಿಲ್ಲ ಸ್ವಾಮಿ? ಸಂಘದಲ್ಲಿ ಎಷ್ಟು ಸಾಲ ಇದೆ, ಹೆಂಡತಿ ಸರ ಯಾವ ಬ್ಯಾಂಕಲ್ಲಿ ಅಡ ಇದೆ, ಸಾವಿರದ ಇನ್ನೂರು ಅಡಿ ಕೊರೆಸಿದ ಬೋರು ನಿಂತೋಯ್ತು ಅನ್ನೋದು, ಮಗಳಿಗೆ ಎಲ್ಲಿ ಗಂಡು ನೋಡ್ತಿದೀವಿ ಅನ್ನೋದು. ಚಿಂತಾಮಣಿ ಮಂಡಿಯಲ್ಲಿ ಕ್ರೇಟ್ ಇಳಿಸಿದಾಗ, ‘ಇವನಿಗೆ ನಾಳೆ ಕಂತು ಕಟ್ಟಬೇಕು, ಇವತ್ತು ಎಷ್ಟಕ್ಕಾದ್ರೂ ಬಿಟ್ಟು ಹೋಗ್ತಾನೆ’ ಅಂತ ಎದುರಿನವನಿಗೆ ಗೊತ್ತಿದ್ದರೆ ರೇಟು ಎಷ್ಟು ಸಿಗತ್ತೆ ಹೇಳಿ. ದೊಡ್ಡವರಿಗೆ ಗುಟ್ಟು ರಟ್ಟಾದರೆ ಮಾನ ಹೋಗತ್ತೆ. ನಮಗೆ ಮಾನದ ಜೊತೆ ದುಡ್ಡೂ ಹೋಗತ್ತೆ.

ಗುಟ್ಟು ಹೋದರೆ ಅದರ ಹಿಂದೆನೇ ಭದ್ರತೆ ಹೋಗತ್ತೆ ಅನ್ನೋದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2023ರಲ್ಲಿ ಬೆಂಗಳೂರಲ್ಲಿ ಹೊರಗೆ ಬಂದ ಪ್ರಕರಣ ನೆನಪಿಸಿಕೊಳ್ಳಿ. ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಿಂದ ಕ್ರಯಪತ್ರಗಳನ್ನ ಇಳಿಸಿಕೊಂಡು, ಅದರಲ್ಲಿದ್ದ ಹೆಬ್ಬೆಟ್ಟಿನ ಗುರುತು ನಕಲು ಮಾಡಿ, ಆಧಾರ್ ಮೂಲಕ ಹಣ ತೆಗೆಯೋ ವ್ಯವಸ್ಥೆಯಲ್ಲಿ ಜನರ ಖಾತೆಯಿಂದ ದುಡ್ಡು ಎತ್ತಿದ್ದರು. ದುಡ್ಡು ಕಳಕೊಂಡವರು ಯಾರಿಗೂ ಓಟಿಪಿ ಹೇಳಿರಲಿಲ್ಲ. ಜಮೀನೋ ಸೈಟೋ ನೋಂದಣಿ ಮಾಡಿಸಿದ್ದು ಬಿಟ್ಟರೆ ಅವರು ಮಾಡಿದ್ದು ಏನೂ ಇಲ್ಲ. ಆಮೇಲೆ ಸರ್ಕಾರ ಪತ್ರಗಳಲ್ಲಿ ಬೆರಳಚ್ಚು ಕಾಣದಂಗೆ ಮರೆ ಮಾಡಿಸ್ತು. ಪಿನ್ ಆದರೆ ಬದಲಾಯಿಸಬಹುದು, ಹೆಬ್ಬೆಟ್ಟು ಎಲ್ಲಿಂದ ಬದಲಾಯಿಸೋದು? ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಅಂತ ಇದೆ, ಹಾಕಿಡಿ. ರೇಷನ್‌ಗೆ ಬೆರಳು ಇಡಬೇಕಾದ ದಿನ ತೆಗೆದು, ಆಮೇಲೆ ಮತ್ತೆ ಹಾಕಬಹುದು.

ಈಗ ಅಂಗಡಿಗೆ ಹೋಗೋಣ.

ನೀವು ಔಷಧಿ ಅಂಗಡಿಯಲ್ಲಿ ಡಬ್ಬ ತಿರುಗಿಸಿ ಎಕ್ಸ್‌ಪೈರಿ ಡೇಟ್ ನೋಡ್ತೀರಾ ಇಲ್ವಾ? ಫೋನಿಗೂ ಅದು ಇದೆ, ಡಬ್ಬದ ಮೇಲೆ ಮಾತ್ರ ಬರೆದಿರಲ್ಲ. ಫೋನಿನ ಸಾಫ್ಟ್‌ವೇರ್‌ನಲ್ಲಿ ತೂತು ಸಿಗ್ತಾನೇ ಇರತ್ತೆ, ಕಂಪನಿ ಅದಕ್ಕೆ ತೇಪೆ ಕಳಿಸ್ತಾ ಇರಬೇಕು. ಅದೇ ಸೆಕ್ಯುರಿಟಿ ಅಪ್‌ಡೇಟ್. ತೇಪೆ ಬರೋದು ನಿಂತ ಮೇಲೆ ಫೋನು ಓಡ್ತಿರತ್ತೆ, ಬಲೆ ಮಾತ್ರ ಹರಿದಿರತ್ತೆ. ಕಡಿಮೆ ಬೆಲೆಯ ಎಷ್ಟೋ ಫೋನಿಗೆ ಎರಡು ಮೂರು ವರ್ಷಕ್ಕೇ ನಿಂತುಹೋಗತ್ತೆ. ಗೂಗಲ್ ತನ್ನ ಪಿಕ್ಸೆಲ್ 8ರಿಂದ 7 ವರ್ಷ ಕೊಡ್ತೀನಿ ಅಂದಿದೆ, ಆದರೆ ಅದರ ಬೆಲೆ ನಮಗಲ್ಲ. ಸ್ಯಾಮ್‌ಸಂಗ್ 2024ರಲ್ಲಿ ಬಿಟ್ಟ ಎ16 5ಜಿ, ಇಪ್ಪತ್ತು ಸಾವಿರದ ಒಳಗಿನ ಫೋನು, ಅದಕ್ಕೆ 6 ವರ್ಷ ಅಂತ ಹೇಳಿದ್ದಾರೆ. ನಾನು ಯಾವ ಕಂಪನಿಗೂ ಪ್ರಚಾರ ಮಾಡ್ತಿಲ್ಲ. ಬೆಲೆ ಕಡಿಮೆ ಇದ್ದರೂ ವರ್ಷ ಜಾಸ್ತಿ ಸಿಗತ್ತೆ, ಕೇಳಬೇಕು ಅಷ್ಟೇ ಅಂತ ತೋರಿಸೋಕೆ ಹೇಳಿದೆ. ಯುರೋಪಿನಲ್ಲಿ 2025ರ ಜೂನ್ 20ರಿಂದ ನಿಯಮಾನೇ ಮಾಡಿಬಿಟ್ಟಿದ್ದಾರೆ, ಒಂದು ಮಾಡೆಲ್ ಮಾರೋದು ನಿಲ್ಲಿಸಿದ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ಕೊಡಬೇಕು ಅಂತ. ನಮ್ಮ ರೈತ ಸಂಘಗಳು ಬೀಜದ ಪೊಟ್ಟಣದ ಮೇಲೆ ಏನು ಬರೀಬೇಕು ಅಂತ ಹೋರಾಡ್ತಾವೆ, ಫೋನ್ ಡಬ್ಬದ ಮೇಲೆ ‘ಇಲ್ಲೀವರೆಗೆ ಅಪ್‌ಡೇಟ್’ ಅಂತ ತಾರೀಕು ಹಾಕಿ ಅಂತಾನೂ ಕೇಳಬೇಕು.

ಕೈಯಲ್ಲಿರೋ ಫೋನಿದ್ದು ನೋಡಬೇಕಾ? ಸೆಟ್ಟಿಂಗ್ಸ್‌ಗೆ ಹೋಗಿ, ಅಬೌಟ್ ಫೋನ್ ಒತ್ತಿ, ಸೆಕ್ಯುರಿಟಿ ಅಪ್‌ಡೇಟ್ ಅಂತ ಒಂದು ತಾರೀಕು ಸಿಗತ್ತೆ. ಕೆಲವು ಫೋನಲ್ಲಿ ಅದರೊಳಗೆ ಇನ್ನೊಂದು ಸಲ ಒತ್ತಬೇಕು. ಅದು ವರ್ಷದ ಹಿಂದಿನದಾಗಿದ್ದರೆ ಆ ಫೋನಲ್ಲಿ ಹಾಡು ಕೇಳಿ, ಬ್ಯಾಂಕ್ ಬೇಡ.

ಸೆಕೆಂಡ್ ಹ್ಯಾಂಡ್ ಐಫೋನ್ ಹುಚ್ಚು ಗೌರಿಬಿದನೂರಿಂದ ಶಿಡ್ಲಘಟ್ಟದವರೆಗೂ ಹುಡುಗರಿಗೆ ಹತ್ತಿದೆ. ಐಫೋನ್ ಬೀಗ ಗಟ್ಟಿ ಅನ್ನೋದು ನಿಜ. ವಾಟ್ಸಾಪ್‌ನಲ್ಲಿ ಬರೋ ಎಪಿಕೆ ಫೈಲು ಅದರಲ್ಲಿ ತೆರೆಯೋದೇ ಇಲ್ಲ. ಆದರೆ ಐಫೋನ್ 7ಕ್ಕೆ 2022ರಿಂದ, 8ಕ್ಕೆ 2023ರಿಂದ ಹೊಸ ಐಒಎಸ್ ಇಲ್ಲ. ಹಿಂದಗಡೆ ಸೇಬು ಇದೆ ಅಂತ ಹಳೇ ಫೋನಿಗೆ ಹೊಸ ಫೋನಿನ ದುಡ್ಡು ಕೊಡಬೇಡಿ.

ಇನ್ನು ಬೀಗದ ವಿಷಯ. ಸೊಪ್ಪು ಕೊಯ್ದು ಸುಣ್ಣ, ಬ್ಲೀಚಿಂಗ್ ಪೌಡರ್ ಮುಟ್ಟಿ ಮುಟ್ಟಿ ನಮ್ಮ ಬೆರಳಲ್ಲಿ ಗೆರೇನೇ ಸವೆದುಹೋಗಿದೆ, ರೇಷನ್ ಅಂಗಡಿ ಮಿಷನ್ನೇ ಹಿಡಿಯಲ್ಲ. ಮುಖ ತೋರಿಸಿ ತೆಗೆಯೋದು ಕಡಿಮೆ ಬೆಲೆ ಫೋನಲ್ಲಿ ಬರೀ ಕ್ಯಾಮೆರಾ ಕೆಲಸ, ಎಷ್ಟೋ ಫೋನು ಫೋಟೊ ಹಿಡಿದರೂ ತೆರೆದುಕೊಳ್ಳತ್ತೆ. ಆರು ಅಂಕಿ ಪಿನ್ನೇ ನಮಗೆ ಸರಿ. ಬೈಕ್ ನಂಬರ್ ಬೇಡ, ಅದು ಬೈಕಿನ ಮೇಲೇ ಬರೆದಿರತ್ತೆ.

ಇಷ್ಟೆಲ್ಲಾ ನೋಡಿ ಒಳ್ಳೆ ಫೋನ್ ತಗೊಂಡಿರಿ ಅಂತ ಇಟ್ಟುಕೊಳ್ಳಿ. ಅದರ ಬೀಗದ ಕೈ ಅಂಗಡಿಯಲ್ಲೇ ಬಿಟ್ಟು ಬರೋರು ನಮ್ಮ ಕಡೆ ಎಷ್ಟು ಜನ ಗೊತ್ತಾ? ಫೋನ್ ಡಬ್ಬ ಬಿಚ್ಚಿದ ಕೂಡಲೇ ಅಂಗಡಿ ಹುಡುಗ ‘ಕೊಡಿ ಅಣ್ಣ, ಜಿಮೇಲ್ ಹಾಕ್ಕೊಡ್ತೀನಿ’ ಅಂತ ತಾನೇ ಹೆಸರು, ಪಾಸ್‌ವರ್ಡ್ ಹಾಕ್ತಾನೆ. ಪಾಪ, ಅವನು ಒಳ್ಳೆಯವನೇ ಇರಬಹುದು. ಆದರೆ ಆ ಪಾಸ್‌ವರ್ಡ್ ಗೊತ್ತಿದ್ದವನು ಚಿಕ್ಕಬಳ್ಳಾಪುರದಲ್ಲಿ ಕೂತು ನಿಮ್ಮ ಫೋಟೊ, ನಿಮ್ಮ ಕಾಂಟ್ಯಾಕ್ಟ್, ಫೋನ್ ಈಗ ಯಾವ ಊರಲ್ಲಿದೆ ಅನ್ನೋದನ್ನ ನೋಡೋಕೆ ದಾರಿ ಇದೆ. ನಮ್ಮ ಊರಲ್ಲೇ ವಿಚಾರಿಸಿದೆ. ಹತ್ತು ಜನರಲ್ಲಿ ಏಳು ಜನಕ್ಕೆ ತಮ್ಮ ಜಿಮೇಲ್ ಪಾಸ್‌ವರ್ಡ್ ಏನು ಅಂತಲೇ ಗೊತ್ತಿಲ್ಲ. ಹೆಣ್ಣುಮಕ್ಕಳ ಫೋಟೊ ಇರೋ ಫೋನು ಕಣ್ರಪ್ಪಾ ಅದು. ಡಿಸ್‌ಪ್ಲೇ ಹೋಯ್ತು ಅಂತ ರಿಪೇರಿಗೆ ಕೊಡುವಾಗ್ಲೂ ಪಿನ್ ಬರೆದ ಚೀಟಿ ಹಿಂದೆ ಅಂಟಿಸಿ ಬರ್ತೀವಿ. ಸ್ಯಾಮ್‌ಸಂಗ್‌ನಲ್ಲಿ ಮೇಂಟೆನೆನ್ಸ್ ಮೋಡ್ ಅಂತ ಇದೆ, ಅದು ಹಾಕಿ ಕೊಟ್ಟರೆ ರಿಪೇರಿಯವನಿಗೆ ಫೋಟೊ, ಮೆಸೇಜು ಕಾಣಲ್ಲ. ಬೇರೆ ಫೋನಾದರೆ ಎದುರಿಗೆ ಕೂತು ಮಾಡಿಸಿಕೊಂಡು ಬನ್ನಿ, ಒಂದು ಟೀ ಕುಡಿಯೋ ಹೊತ್ತು ಜಾಸ್ತಿ ಆಗತ್ತೆ.

ಇದಕ್ಕಿಂತ ಗಟ್ಟಿ ಗಂಟು ಕಂತಿನ ಫೋನಿಂದು. ಕಂತು ಕಟ್ಟದೇ ಹೋದರೆ ದೂರದಿಂದಲೇ ಫೋನ್ ಬಂದ್ ಮಾಡೋ ಆ್ಯಪ್ ಹಾಕಿ ಕೊಡೋದು ಶುರುವಾಗಿದೆ. ಅದನ್ನ ನಾವು ತೆಗೆಯೋಕೆ ಆಗಲ್ಲ. ನಮ್ಮ ಪಕ್ಕದ ಊರಿನ ಒಬ್ಬ ಹುಡುಗನ ಫೋನು ಸರಿಯಾಗಿ ಹೂ ಮಾರುಕಟ್ಟೆಗೆ ಹೋಗೋ ಬೆಳಿಗ್ಗೆ ಬಂದ್ ಆಯ್ತು. ಕಂತು ನಾಲ್ಕು ದಿನ ತಡ. ಹೂ ತಗೊಳ್ಳೋ ವ್ಯಾಪಾರಿ ನಂಬರು, ಗಾಡಿಯವನ ನಂಬರು, ದುಡ್ಡು ಹಾಕಿಸಿಕೊಳ್ಳೋ ಸ್ಕ್ಯಾನರು ಎಲ್ಲಾ ಅದರೊಳಗೆ. ಕಂತು ಕಟ್ಟೋಕೆ ಬೇಕಾದ ದುಡ್ಡು ದುಡಿಯೋದೂ ಅದೇ ಫೋನಿಂದ ತಾನೆ! ಸಾಲ ಕೊಟ್ಟವನಿಗೆ ತನ್ನ ದುಡ್ಡಿನ ಭದ್ರತೆ ಬೇಕು, ಒಪ್ಪುತ್ತೀನಿ. ಆದರೆ ಟ್ರ್ಯಾಕ್ಟರ್ ಸಾಲ ಕೊಟ್ಟ ಬ್ಯಾಂಕು ಉಳುಮೆ ಮಧ್ಯದಲ್ಲಿ ಇಂಜಿನ್ ಆಫ್ ಮಾಡಲ್ಲ, ನೋಟಿಸ್ ಕೊಡತ್ತೆ. ಹದಿನೈದು ಸಾವಿರದ ಫೋನಿಗೆ ಅದಕ್ಕಿಂತ ಬಿಗಿ ಯಾಕೆ? ನನ್ನ ಮಾತು ಕೇಳೋದಾದರೆ ಕಂತಿನ ದೊಡ್ಡ ಫೋನಿಗಿಂತ ರೊಕ್ಕ ಕೊಟ್ಟ ಸಣ್ಣ ಫೋನು ಮೇಲು.

ಸಾಲದ ಆ್ಯಪ್‌ಗಳ ಕಥೆ ನಿಮಗೆ ಗೊತ್ತಿರೋದೇ. ಐದು ಸಾವಿರ ಕೊಟ್ಟು ಕಾಂಟ್ಯಾಕ್ಟ್ ಪಟ್ಟಿ ಎಲ್ಲಾ ಎತ್ತಿಕೊಂಡು, ಬೀಗರಿಗೆಲ್ಲಾ ಫೋನ್ ಮಾಡಿ ಮಾನ ಕಳೆದವು. ಅದಕ್ಕೇ ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರ್‌ನಲ್ಲಿ ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್, ಕಾಲ್ ಪಟ್ಟಿ, ಫೋಟೊ ಫೈಲುಗಳನ್ನ ಮುಟ್ಟಬಾರದು ಅಂತ ಹೇಳ್ತು. ಗೂಗಲ್ ಕೂಡ 2023ರ ಮೇ 31ರಿಂದ ಪ್ಲೇ ಸ್ಟೋರ್‌ನಲ್ಲಿ ಅದನ್ನ ನಿಲ್ಲಿಸ್ತು. ಆದರೆ ಈ ನಿಯಮ ಪ್ಲೇ ಸ್ಟೋರ್ ಬೇಲಿ ಒಳಗೆ. ‘ಪಿಎಂ ಕಿಸಾನ್’ ಅಂತಲೋ, ಮದುವೆ ಪತ್ರಿಕೆ ಅಂತಲೋ, ಗಾಡಿ ದಂಡದ ಚಲನ್ ಅಂತಲೋ ಹೆಸರು ಇಟ್ಟುಕೊಂಡು ವಾಟ್ಸಾಪ್‌ಗೆ ಬರೋ ಎಪಿಕೆ ಬೇಲಿ ಹಾರಿ ಬಂದದ್ದು. ಅದಕ್ಕೆ ಮೆಸೇಜ್ ಓದೋ ಅನುಮತಿ ಕೊಟ್ಟರೆ ಓಟಿಪಿ ನಿಮಗಿಂತ ಮುಂಚೆ ಅವರಿಗೇ ಕಾಣತ್ತೆ. ಸರ್ಕಾರ ಯಾವ ಯೋಜನೆ ದುಡ್ಡನ್ನೂ ವಾಟ್ಸಾಪ್ ಎಪಿಕೆಯಲ್ಲಿ ಹಂಚಲ್ಲ.

ಹಂಗಂತ ಎಲ್ಲಾ ಅನುಮತಿಗೂ ಹೆದರಬೇಕಾಗಿಲ್ಲ. ಬೆಳೆ ಸಮೀಕ್ಷೆ ಆ್ಯಪ್ ಲೊಕೇಶನ್ ಕೇಳತ್ತೆ, ನ್ಯಾಯ, ಹೊಲ ಎಲ್ಲಿದೆ ಅಂತ ಅದಕ್ಕೆ ಗೊತ್ತಾಗಬೇಕು. ದಿಶಾಂಕ್ ಕೇಳತ್ತೆ, ನಿಂತ ಜಾಗದ ಸರ್ವೆ ನಂಬರ್ ತೋರಿಸೋದೇ ಅದರ ಕೆಲಸ. ಟಾರ್ಚ್ ಆ್ಯಪ್‌ಗೆ ನಿಮ್ಮ ಬೀಗರ ನಂಬರ್ ಯಾಕೆ?

ಈ ಭದ್ರತೆ, ಗುಟ್ಟಿನ ಜಗಳ ದೆಹಲಿಯಲ್ಲೂ ಆಗಿದೆ. 2025ರ ನವೆಂಬರ್ 28ರಂದು ಕೇಂದ್ರದ ದೂರಸಂಪರ್ಕ ಇಲಾಖೆ, ಎಲ್ಲಾ ಹೊಸ ಫೋನಲ್ಲೂ ಸಂಚಾರ್ ಸಾಥಿ ಆ್ಯಪ್ ಮೊದಲೇ ಹಾಕಿ ಕೊಡಬೇಕು ಅಂತ ಕಂಪನಿಗಳಿಗೆ ಆದೇಶ ಮಾಡ್ತು. ಕಳ್ಳ ಫೋನು, ಸೈಬರ್ ಮೋಸ ತಡೆಯೋಕೆ ಅಂತ ಕಾರಣ. ದೊಡ್ಡ ಗಲಾಟೆ ಆಗಿ ಡಿಸೆಂಬರ್ 3ಕ್ಕೆ ಕಡ್ಡಾಯ ಅನ್ನೋದನ್ನ ವಾಪಸ್ ತಗೊಂಡರು. ನನ್ನ ಅಭಿಪ್ರಾಯ ಕೇಳಿದರೆ ಆ ಸೇವೆ ಒಳ್ಳೇದೇ. ಫೋನ್ ಕಳೆದರೆ ಪೊಲೀಸ್ ದೂರಿನ ಪ್ರತಿ, ಐಎಂಇಐ ನಂಬರ್ ಹಾಕಿ ಅದೇ ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನ್ ಬ್ಲಾಕ್ ಮಾಡಿಸಬಹುದು. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತಾನೂ ನೋಡಬಹುದು. ನಾನು ನೋಡಿದೀನಿ, ನೀವೂ ನೋಡಿ. ಆದರೆ ಬೇಕಾದಾಗ ನಾನು ಹೋಗಿ ಬಾಗಿಲು ತಟ್ಟೋದು ಬೇರೆ, ಕೇಳದೇ ನಮ್ಮ ಮನೆಯೊಳಗೇ ಕಾವಲುಗಾರನ್ನ ಮಲಗಿಸೋದು ಬೇರೆ. ವಾಪಸ್ ತಗೊಂಡಿದ್ದು ಸರಿ.

ಅಷ್ಟು ಜನ ಧೈರ್ಯವಾಗಿ ಕೇಳೋಕೆ ಆಗಿದ್ದಕ್ಕೆ ನಮ್ಮ ಕರ್ನಾಟಕದವರದ್ದೂ ಒಂದು ಪಾಲಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಪ್ರಶ್ನೆ ಇಟ್ಟುಕೊಂಡು 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು, ಆಗಲೇ ಅವರಿಗೆ ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ 98ನೇ ವಯಸ್ಸಲ್ಲಿ ತೀರಿಕೊಂಡರು. ಹಕ್ಕು ಕಾಗದದ ಮೇಲಿದೆ. ಅಂಗಡಿ ಕೌಂಟರ್ ಮುಂದೆ ಅದನ್ನ ಕೇಳಬೇಕಾದವರು ನಾವು.

ಹಾಗಾಗಿ ಮುಂದಿನ ಸಲ ಫೋನ್ ತಗೊಳ್ಳುವಾಗ ಕ್ಯಾಮೆರಾ ಬಿಟ್ಟು ಮೊದಲು ಅಪ್‌ಡೇಟ್ ಎಷ್ಟು ವರ್ಷ ಅಂತ ಕೇಳಿ. ಗೊತ್ತಿಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗಿ. ಜಿಮೇಲ್‌ನ ಮನೆಗೆ ಬಂದು ಮಗನ ಹತ್ರವೋ ಮಗಳ ಹತ್ರವೋ ಹಾಕಿಸಿ, ಪಾಸ್‌ವರ್ಡ್ ಪಾಸ್‌ಬುಕ್ ಇಡೋ ಜಾಗದಲ್ಲಿ ಬರೆದಿಡಿ. ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದರೆ ಐಎಂಇಐ ಬರತ್ತೆ, ಅದನ್ನೂ ಅಲ್ಲೇ ಬರೆಯಿರಿ. ದುಡ್ಡು ಹೋಗಿದೆ ಅಂತ ಗೊತ್ತಾದ ಕೂಡಲೇ 1930ಕ್ಕೆ ಫೋನ್, ಊರಿನವರ ಹತ್ರ ಹೇಳಿಕೊಳ್ಳೋದು ಆಮೇಲೆ. ಕಂತಲ್ಲೇ ತಗೊಳ್ಳಬೇಕಾದರೆ ಕೊನೇ ಕಂತು ಕಟ್ಟಿದ ಎಷ್ಟು ದಿನಕ್ಕೆ ಆ ಲಾಕ್ ಆ್ಯಪ್ ತೆಗೀತಾರೆ, ಎಷ್ಟು ದಿನ ತಡವಾದರೆ ಬಂದ್ ಮಾಡ್ತಾರೆ ಅಂತ ಬಿಲ್ಲಿನ ಹಿಂದೆ ಬರೆಸಿ, ಸೀಲ್ ಹಾಕಿಸಿಕೊಂಡು ಬನ್ನಿ. ಬರೆದುಕೊಡಲ್ಲ ಅಂದವರು ಸಿಕ್ಕರೆ ಕೆಳಗೆ ಕಾಮೆಂಟಲ್ಲಿ ತಿಳಿಸಿ, ಅಂಗಡಿ ಹೆಸರು ಬೇಡ, ಏನು ಹೇಳಿದರು ಅಂತ ಬರೀರಿ ಸಾಕು.