ಶಿಲೀಂಧ್ರ ರಕ್ತಪರೀಕ್ಷೆಯ ಕಿಟ್‌ಗಳಲ್ಲಿ ಪ್ರತಿಜನಕದ ಗುಣಮಟ್ಟ ಖಾತರಿಪಡಿಸುವಂತೆ ಕೋರಿ ಮನವಿ ಪತ್ರ

ಗೆ,
ಪ್ರಧಾನ ಕಾರ್ಯದರ್ಶಿಗಳು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಆಸ್ಪರ್ಜಿಲಸ್ ಪ್ರತಿಕಾಯ ಪರೀಕ್ಷೆಯ ಕಿಟ್ ಖರೀದಿಯಲ್ಲಿ ಲಾಟ್‌ವಾರು ಪರಿಶೀಲನೆ ಕಡ್ಡಾಯಗೊಳಿಸುವ ಬಗ್ಗೆ.

ಮಾನ್ಯರೇ,

ಕ್ಷಯದ ಚಿಕಿತ್ಸೆ ಪೂರ್ತಿ ಮುಗಿಸಿದ ಮೇಲೂ ಕೆಮ್ಮು ನಿಲ್ಲದ, ಕಫದಲ್ಲಿ ರಕ್ತ ಕಾಣುವ, ದಿನೇ ದಿನೇ ತೂಕ ಇಳಿಯುವ ರೋಗಿಗಳ ಪರವಾಗಿ, ಅವರ ರಕ್ತ ಪರೀಕ್ಷಿಸುವ ಪ್ರಯೋಗಾಲಯ ಸಿಬ್ಬಂದಿಯಾದ ನಾವು ಈ ಮನವಿ ಸಲ್ಲಿಸುತ್ತಿದ್ದೇವೆ. ಕ್ಷಯ ವಾಸಿಯಾದರೂ ಶ್ವಾಸಕೋಶದಲ್ಲಿ ಉಳಿದ ಕುಳಿಯೊಳಗೆ ಆಸ್ಪರ್ಜಿಲಸ್ ಎಂಬ ಬೂಸ್ಟು ನೆಲೆಯೂರಬಹುದು. ಎಕ್ಸ್‌ರೇಯಲ್ಲಿ ಅದು ಎಷ್ಟೋ ಸಲ ಹಳೆಯ ಕ್ಷಯದಂತೆಯೇ ಕಾಣುತ್ತದೆ. ಆಗ ವೈದ್ಯರು ಮುಖ್ಯವಾಗಿ ನಂಬುವುದು ರಕ್ತದಲ್ಲಿನ ಆಸ್ಪರ್ಜಿಲಸ್ ವಿರುದ್ಧದ ಐಜಿಜಿ ಪ್ರತಿಕಾಯದ ಪರೀಕ್ಷೆಯನ್ನು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ರೋಗಕಾರಕ ಶಿಲೀಂಧ್ರಗಳ ಆದ್ಯತಾ ಪಟ್ಟಿಯ ಮೊದಲ ಗುಂಪಿನಲ್ಲೇ ಆಸ್ಪರ್ಜಿಲಸ್ ಫ್ಯುಮಿಗೇಟಸ್ ಇದೆ.

ಈ ಐಜಿಜಿ ಪರೀಕ್ಷೆಯ ಜೀವಾಳ ಕಿಟ್‌ನೊಳಗಿನ ಪ್ರತಿಜನಕ, ಅಂದರೆ ರೋಗಿಯ ಪ್ರತಿಕಾಯ ಅಂಟಿಕೊಳ್ಳುವ ಬೂಸ್ಟಿನ ಅಂಶ. ತೊಂದರೆ ಇರುವುದೂ ಅಲ್ಲೇ. ಹಲವು ಕಿಟ್‌ಗಳಲ್ಲಿ ಇರುವುದು ಬೂಸ್ಟನ್ನು ಬೆಳೆಸಿ ತೆಗೆದ ಕಚ್ಚಾ ಸಾರ, ನೂರಾರು ಪ್ರೋಟೀನು ಮತ್ತು ಸಕ್ಕರೆಗಳ ಮಿಶ್ರಣ. ಯಾವ ತಳಿ, ಯಾವ ಮಾಧ್ಯಮ, ಎಷ್ಟು ಉಷ್ಣಾಂಶ, ಎಷ್ಟು ದಿನದ ಬೆಳೆ, ಬೂಸ್ಟಿನ ಎಳೆಗಳನ್ನೇ ಅರೆದದ್ದೋ ಅಥವಾ ಅದು ಬೆಳೆದ ದ್ರವವನ್ನು ಸೋಸಿದ್ದೋ, ಇವುಗಳಲ್ಲಿ ಒಂದು ಬದಲಾದರೂ ಸಾರ ಬದಲಾಗುತ್ತದೆ; ಹಾಗಾಗಿ ಒಂದು ಲಾಟ್ (ಒಮ್ಮೆಗೆ ತಯಾರಿಸಿದ ಕಂತು) ಇನ್ನೊಂದರಂತೆ ಇರದೆ ಹೋಗಬಹುದು. ಬೂಸ್ಟಿನದೇ ಪ್ರೋಟಿಯೇಸ್ ಕಿಣ್ವಗಳು ಶೇಖರಣೆಯ ವೇಳೆ ಉಳಿದ ಪ್ರೋಟೀನುಗಳನ್ನು ಕತ್ತರಿಸುತ್ತಾ ಹೋಗುತ್ತವೆ. ಒಟ್ಟು ಪ್ರೋಟೀನ್ ಇಂತಿಷ್ಟು ಎಂದು ಅಳೆದ ಮಾತ್ರಕ್ಕೆ ರೋಗಿಯ ಪ್ರತಿಕಾಯ ಹುಡುಕುವ ಪ್ರೋಟೀನು ಅದರಲ್ಲಿ ಎಷ್ಟಿದೆ ಎಂದು ತಿಳಿಯುವುದಿಲ್ಲ.

ಸಾರದಿಂದ ಸಾರಕ್ಕೆ ಇರುವ ಈ ವ್ಯತ್ಯಾಸ ಅಗರ್ ತಟ್ಟೆಯಲ್ಲಿ ಬರಿಗಣ್ಣಿಗೇ ಕಾಣುತ್ತದೆ. ಅಗರ್‌ನಲ್ಲಿ ಕೊರೆದ ಒಂದು ಕುಳಿಗೆ ರೋಗಿಯ ಸೀರಮ್, ಎದುರಿನದಕ್ಕೆ ಪ್ರತಿಜನಕ ಹಾಕಿ ಒಂದೆರಡು ದಿನ ಬಿಟ್ಟರೆ ನಡುವೆ ತೆಳ್ಳಗಿನ ಬಿಳಿ ಗೆರೆಗಳು ಮೂಡುತ್ತವೆ. ಒಂದು ಸಾರದೆದುರು ಮೂರು ಗೆರೆ ಕೊಟ್ಟ ಸೀರಮ್ಮೇ ಇನ್ನೊಂದರೆದುರು ಒಂದೇ ಗೆರೆ ಕೊಡಬಹುದು, ಕೊಡದೆಯೂ ಇರಬಹುದು. ಫಲಿತಾಂಶವನ್ನು ಅಂಕಿಯಲ್ಲಿ ಕೊಡುವ ಎಲೈಸಾ ಕಿಟ್‌ಗಳಲ್ಲಿ ಈ ವ್ಯತ್ಯಾಸ ಅಂಕಿಯೊಳಗೆ ಮರೆಯಾಗುತ್ತದೆ. ಒಂದು ಕಂಪನಿಯ ಯೂನಿಟ್ ಇನ್ನೊಂದರದ್ದಕ್ಕೆ ಸಮವೂ ಅಲ್ಲ.

ಈ ವ್ಯತ್ಯಾಸದ ಹೊರೆ ಬೀಳುವುದು ರೋಗಿಯ ಮೇಲೆ. ತಪ್ಪು ನೆಗೆಟಿವ್ ಬಂದರೆ ಮತ್ತೆ ಕ್ಷಯದ ಮಾತ್ರೆ. ತಪ್ಪು ಪಾಸಿಟಿವ್ ಬಂದರೆ ತಿಂಗಳುಗಟ್ಟಲೆ ಇಟ್ರಾಕೊನಜೋಲ್ ಎಂಬ ಶಿಲೀಂಧ್ರನಾಶಕ ಔಷಧ. ಎರಡನ್ನೂ ಒಟ್ಟಿಗೆ ಕೊಟ್ಟು ನೋಡೋಣವೆನ್ನುವಂತಿಲ್ಲ: ಕ್ಷಯದ ಔಷಧವಾದ ರಿಫಾಂಪಿಸಿನ್ ಜೊತೆಗಿದ್ದರೆ ಇಟ್ರಾಕೊನಜೋಲ್ ರಕ್ತದಲ್ಲಿ ಸಾಕಷ್ಟು ನಿಲ್ಲುವುದೇ ಇಲ್ಲ.

ಕಿಟ್‌ಗಳ ಪರವಾನಗಿ 2017ರ ವೈದ್ಯಕೀಯ ಸಾಧನಗಳ ನಿಯಮಾವಳಿಗೆ ಒಳಪಟ್ಟದ್ದು, ಅದರಲ್ಲಿ ಕೇಂದ್ರದ ಪಾತ್ರ ದೊಡ್ಡದು ಎಂಬುದನ್ನು ಬಲ್ಲೆವು. ಆದರೆ ಟೆಂಡರಿನ ಷರತ್ತು ಬರೆಯುವುದು ರಾಜ್ಯದ ಕೈಯಲ್ಲೇ ಇದೆ. ಆದ್ದರಿಂದ, ಸರಬರಾಜುದಾರರು ಪ್ರತಿಜನಕದ ತಳಿ, ಬೆಳೆಸಿದ ವಿಧಾನ ಮತ್ತು ಆಯಾ ಲಾಟ್‌ನ ಪರೀಕ್ಷಾ ಫಲಿತಾಂಶವನ್ನು ಲಿಖಿತವಾಗಿ ಕೊಡಬೇಕೆಂಬ ಷರತ್ತನ್ನು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಟೆಂಡರುಗಳಲ್ಲಿ ಸೇರಿಸಬೇಕು. ಚಂಡೀಗಢದ ಪಿಜಿಐ ವೈದ್ಯಕೀಯ ಸಂಸ್ಥೆಯಲ್ಲಿ ರೋಗಕಾರಕ ಶಿಲೀಂಧ್ರಗಳ ರಾಷ್ಟ್ರೀಯ ಸಂಗ್ರಹವೇ ಇರುವಾಗ, ತಳಿಯ ಗುರುತನ್ನು ಹೇಳಲಾಗದು ಎಂಬ ನೆಪ ನಿಲ್ಲುವುದಿಲ್ಲ.

ನಮ್ಮ ಅತಿ ಮುಖ್ಯ ಬೇಡಿಕೆ ಸೀರಮ್ ಸಂಗ್ರಹದ್ದು. ರೋಗ ಖಚಿತವಾದವರ, ಕ್ಷಯದಿಂದ ಗುಣವಾಗಿ ಬೂಸ್ಟಿನ ಸೋಂಕಿಲ್ಲದವರ ಮತ್ತು ಆರೋಗ್ಯವಂತರ ಸೀರಮ್ಮನ್ನು, ಅವರ ಒಪ್ಪಿಗೆ ಪಡೆದು, ರಾಜ್ಯದ ಒಂದು ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಶೇಖರಿಸಿಡಬೇಕು. ಹೊಸ ಲಾಟ್ ಬಂದಾಗಲೆಲ್ಲ ಹಳೆಯದರ ಪಕ್ಕದಲ್ಲಿಟ್ಟು ಇದೇ ಸೀರಮ್‌ಗಳಲ್ಲಿ ಪರೀಕ್ಷಿಸಿ, ಹೊಂದಿದರೆ ಮಾತ್ರ ಜಿಲ್ಲೆಗಳಿಗೆ ಕಳುಹಿಸಬೇಕು. ಹೊಸ ಲಾಟನ್ನು ಬಳಕೆಗೆ ಮುನ್ನ ಪರಿಶೀಲಿಸಬೇಕೆಂದು ವೈದ್ಯಕೀಯ ಪ್ರಯೋಗಾಲಯಗಳ ಐಎಸ್‌ಒ 15189 ಮಾನದಂಡವೂ ಹೇಳುತ್ತದೆ. ಕಚ್ಚಾ ಸಾರವನ್ನು ಒಮ್ಮೆಲೇ ಕೈಬಿಡಿ ಎಂದು ನಾವು ಕೇಳುತ್ತಿಲ್ಲ. ಜೀನ್ ತಂತ್ರದಿಂದ ತಯಾರಿಸಿದ (ಮರುಸಂಯೋಜಿತ) ಶುದ್ಧ ಪ್ರೋಟೀನಿನಲ್ಲಿ ಏಕರೂಪತೆ ಹೆಚ್ಚು, ನಿಜ. ಆದರೆ ಒಂದೇ ಪ್ರೋಟೀನು ಎಲ್ಲ ರೋಗಿಗಳನ್ನೂ ಗುರುತಿಸಲಾರದು.

ವರದಿ ಹಾಳೆಯಲ್ಲಿ ಕಿಟ್‌ನ ಹೆಸರು, ಲಾಟ್ ಸಂಖ್ಯೆ ಮತ್ತು ಪಾಸಿಟಿವ್ ಎನ್ನಲು ಅನ್ವಯಿಸಿದ ಮಿತಿಯನ್ನು ಮುದ್ರಿಸುವಂತೆ ಎಲ್ಲ ಜಿಲ್ಲಾ ಆಸ್ಪತ್ರೆಗಳಿಗೆ ಸುತ್ತೋಲೆ ಹೊರಡಿಸಬೇಕು. ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ; ಈ ಸುತ್ತೋಲೆಯನ್ನಾದರೂ ಕೂಡಲೇ ಹೊರಡಿಸಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
(ಸಹಿ ಮಾಡಿದ ಪ್ರಯೋಗಾಲಯ ಸಿಬ್ಬಂದಿ)