ಅವಧಿ ಮುಗಿದ ಕಂಪ್ಯೂಟರಿನಲ್ಲಿ ನಮ್ಮ ಅಂಕಪಟ್ಟಿ

ಕಳೆದ ತಿಂಗಳು ಗೆಳೆಯನೊಬ್ಬ ನೌಕರಿಗೆ ಅರ್ಜಿ ಹಾಕಬೇಕಿತ್ತು. ಇಬ್ಬರೂ ಆನ್‌ಲೈನ್ ಸೆಂಟರ್‌ಗೆ ಹೋದೆವು. ಆಧಾರ್, ಅಂಕಪಟ್ಟಿ, ಜಾತಿ ಪ್ರಮಾಣಪತ್ರ, 371(ಜೆ) ಪ್ರಮಾಣಪತ್ರ, ಸಹಿ ಎಲ್ಲವೂ ಸ್ಕ್ಯಾನ್ ಆಗಿ ಒಂದು ಫೋಲ್ಡರ್ ಸೇರಿದವು. ಪಕ್ಕದಲ್ಲೇ ಬೇರೆಯವರ ಹೆಸರಿನ ಫೋಲ್ಡರ್‌ಗಳು ಸಾಲಾಗಿ ಇದ್ದವು. ಅಷ್ಟರಲ್ಲಿ ವಿಂಡೋಸ್ 10ರ ಬೆಂಬಲ ಮುಗಿದಿದೆ ಎಂಬ ಸೂಚನೆ ಪರದೆಯ ಮೇಲೆ ಬಂತು. ಅಂಗಡಿಯ ಅಣ್ಣ ಅದನ್ನು ಮುಚ್ಚಿ, ‘ಏನಾಗಲ್ಲ ಬಿಡಪ, ಚೊಲೊ ನಡ್ಯಾಕತ್ತೈತಿ’ ಅಂದರು.

ಅಪಾಯ ಇರುವುದೇ ಅಲ್ಲಿ. ಬೆಂಬಲ ಮುಗಿದರೂ ಕಂಪ್ಯೂಟರ್ ನಿಲ್ಲುವುದಿಲ್ಲ. ಆದರೆ ಆಮೇಲೆ ಪತ್ತೆಯಾದ ಭದ್ರತಾ ದೋಷಗಳಿಗೆ ತೇಪೆ, ಅಂದರೆ ಪ್ಯಾಚ್, ಬರುವುದಿಲ್ಲ. ಹೊಸ ಆವೃತ್ತಿಗೆ ಬರುವ ಪ್ಯಾಚ್ ನೋಡಿದ ಕಳ್ಳರಿಗೆ ಹಳೆಯದರಲ್ಲಿ ತೂತು ಎಲ್ಲಿದೆ ಎಂಬ ಸುಳಿವೂ ಸಿಗುತ್ತದೆ. ವಿಂಡೋಸ್ ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿದಿತ್ತು. 2017ರ ಮೇ ತಿಂಗಳಲ್ಲಿ ವಾನಾಕ್ರೈ ದಾಳಿ ಹಬ್ಬಿ, ಬ್ರಿಟನ್ನಿನ ಆಸ್ಪತ್ರೆಗಳಲ್ಲೂ ಕೆಲಸ ನಿಂತಿತು. ಆ ದೋಷಕ್ಕೆ ಬೆಂಬಲವಿದ್ದ ಆವೃತ್ತಿಗಳಿಗೆ ಮಾರ್ಚ್‌ನಲ್ಲೇ ಪ್ಯಾಚ್ ಬಂದಿತ್ತು. ಎಕ್ಸ್‌ಪಿ ಬಳಕೆದಾರರಿಗೆಲ್ಲ ಅದು ಸಿಕ್ಕಿದ್ದು ದಾಳಿ ಆದ ಮೇಲೆ.

ತಡಮಾಡಿದರೆ ಏನಾಗುತ್ತದೆ ಎಂದು ರಾಯಚೂರಿನವರಿಗೆ ಹೇಳಿಕೊಡಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ದಶಕಗಳಿಂದ ಅದೇ ಗೇಟ್‌ಗಳು ‘ಚೊಲೊ’ ನಡೆದಿದ್ದವು. ಆಮೇಲೆ 33 ಗೇಟ್‌ಗಳನ್ನೂ ಬದಲಿಸಬೇಕಾಗಿ ಬಂದು, ಆ ಕೆಲಸಕ್ಕಾಗಿ 2025ರಲ್ಲಿ ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನವಾಯಿತು. ಅದರ ಬೆಲೆ ತೆತ್ತವರು ಎಡದಂಡೆ ಕಾಲುವೆಯನ್ನೇ ನಂಬಿದ ರೈತರು.

ಗೇಟ್ ಯಾವ ದಿನ ಮುರಿಯುತ್ತದೆ ಎಂದು ಯಾರೂ ಹೇಳಲಾರರು. ಸಾಫ್ಟ್‌ವೇರ್‌ನಲ್ಲಿ ಹಾಗಲ್ಲ, ಅವಧಿ ಮುಗಿಯುವ ದಿನ ಮೊದಲೇ ಪ್ರಕಟವಾಗಿರುತ್ತದೆ. 2015ರ ಜುಲೈನಲ್ಲಿ ಬಂದ ವಿಂಡೋಸ್ 10ರ ಕೊನೆಯ ದಿನ 2025ರ ಅಕ್ಟೋಬರ್ 14 ಎಂದು ವರ್ಷಗಳ ಮುಂಚೆಯೇ ಗೊತ್ತಿತ್ತು. ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ ಐದು ವರ್ಷ ಬೆಂಬಲವಿದೆ. ನಾವು ಪ್ರಾಜೆಕ್ಟ್‌ಗೆ ಬಳಸುವ ಪೈಥಾನ್‌ನ ಪ್ರತಿ ಆವೃತ್ತಿಗೂ ಸುಮಾರು ಐದೇ ವರ್ಷ. ಬಿತ್ತುವ ಮೊದಲು ಕಾಲುವೆಗೆ ಎಲ್ಲಿಯವರೆಗೆ ನೀರು ಬಿಡುತ್ತಾರೆ ಎಂದು ರೈತರು ಕೇಳುತ್ತಾರೆ. ನಾವು ಇನ್‌ಸ್ಟಾಲ್ ಮಾಡುವ ಮೊದಲು ಅದನ್ನೇ ಕೇಳುವುದಿಲ್ಲ.

ಅಂಗಡಿಯ ಅಣ್ಣನನ್ನು ದೂರುವುದು ಸುಲಭ. ಆದರೆ ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಅವರ ಕಂಪ್ಯೂಟರ್ ಗಟ್ಟಿಯಾಗಿದ್ದರೂ ಅಷ್ಟು ಹೊಸದಲ್ಲ. ಒಮ್ಮೆಗೇ ಎಲ್ಲ ಬದಲಿಸುವ ದುಡ್ಡು ಸಣ್ಣ ಅಂಗಡಿಗೆ ಎಲ್ಲಿಂದ ಬರಬೇಕು? ಸಂಸ್ಥೆಗಳು ಹಣ ಕೊಟ್ಟು ಹೆಚ್ಚೆಂದರೆ ಮೂರು ವರ್ಷ ಭದ್ರತಾ ಪ್ಯಾಚ್ ಪಡೆಯಬಹುದು, ಆದರೆ ದರ ವರ್ಷದಿಂದ ವರ್ಷಕ್ಕೆ ದುಪ್ಪಟ್ಟಾಗುತ್ತದೆ. ಮನೆ ಬಳಕೆಯ ಕಂಪ್ಯೂಟರ್‌ಗೆ ಈ ಸೌಲಭ್ಯ ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಇದೆ. ಇದು ತಯಾರಿಗೆ ಸಿಕ್ಕ ಸಮಯ ಅಷ್ಟೇ.

ಆ ಸಮಯದಲ್ಲಿ ಮಾಡಬೇಕಾದ್ದು ಹೆಚ್ಚೇನಿಲ್ಲ. ಯಾವ ಯಂತ್ರದಲ್ಲಿ ಯಾವ ಆವೃತ್ತಿಯಿದೆ, ಅದರ ಕೊನೆಯ ದಿನ ಯಾವುದು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಕಡತಗಳನ್ನು ಬೇರೆ ಕಡೆ ನಕಲು ಮಾಡಿಡಿ. ಮೊದಲು ಒಂದೇ ಯಂತ್ರದಲ್ಲಿ ಹೊಸದನ್ನು ಹಾಕಿ ಸ್ಕ್ಯಾನರ್, ಪ್ರಿಂಟರ್, ನುಡಿ, ಬೆರಳಚ್ಚು ಸಾಧನ ನಡೆಯುತ್ತವೆಯೇ ನೋಡಿ. ಹಳೆಯ ಯಂತ್ರವಾದರೆ ಲಿನಕ್ಸ್ ಹಾಕಿಯೂ ಪರೀಕ್ಷಿಸಬಹುದು. ಈ ಕೆಲಸ ಪರೀಕ್ಷೆಯ ಹಿಂದಿನ ದಿನವೋ ಅರ್ಜಿಯ ಕೊನೆಯ ದಿನವೋ ಬೇಡ, ರಜೆಯಲ್ಲಿರಲಿ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವವರು ಬೆಲೆಗಿಂತ ಮೊದಲು ಪ್ರೊಸೆಸರ್ ಯಾವ ತಲೆಮಾರಿನದು ಎಂದು ಕೇಳಿ.

ಅಂದು ಅರ್ಜಿ ಸಲ್ಲಿಸಿದ ಮೇಲೆ ಗೆಳೆಯನ ಫೋಲ್ಡರ್ ಅಳಿಸಿ, ರಿಸೈಕಲ್ ಬಿನ್ನಿಂದಲೂ ತೆಗೆಸಿದೆವು. ಅಣ್ಣ ಬೇಸರ ಮಾಡಿಕೊಳ್ಳಲಿಲ್ಲ. ‘ಉಳಿದವ್ರದು?’ ಎಂದು ಅವರೇ ಕೇಳಿದರು. ಮುಂದಿನ ಭಾನುವಾರ ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ಹಾಕಿಕೊಂಡು ಬರುತ್ತೇನೆ, ಮೊದಲು ನಿಮ್ಮ ಸ್ಕ್ಯಾನರ್ ನಡೆಯುತ್ತದೋ ನೋಡೋಣ ಎಂದಿದ್ದೇನೆ.